ಗೀಸರಿಗೆ ಕಾಲುವೆ ನೀರು

ಎರಡು ವರ್ಷದಲ್ಲಿ ನೀರು ಕಾಯಿಸುವ ಮೂರನೆಯ ಎಲಿಮೆಂಟ್ ಸುಟ್ಟ ದಿನ, ಗೀಸರ್ ಬಿಚ್ಚುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಪ್ಲಂಬರ್ ತಳದ ಬೋಲ್ಟುಗಳನ್ನು ಸಡಿಲಿಸಿದ ಕೂಡಲೇ ಮೊದಲು ನೀರು, ಅದರ ಹಿಂದೆಯೇ ಸುಣ್ಣದ ಚಕ್ಕೆಗಳು ದಬದಬನೆ ಬಕೆಟ್ಟಿಗೆ ಬಿದ್ದವು. ಕೆಲವು ಮೊಟ್ಟೆಯ ಸಿಪ್ಪೆಯಷ್ಟು ತೆಳು, ಕೆಲವು ಹೆಂಚಿನ ಚೂರಿನಷ್ಟು ಗಟ್ಟಿ. ಎಲಿಮೆಂಟ್ ಹೊರಬಂದಾಗ ಅದರ ಲೋಹವೇ ಕಾಣುತ್ತಿರಲಿಲ್ಲ. ಬಿಳಿ ಪೊರೆ ಸುತ್ತಿಕೊಂಡು ಕಬ್ಬಿನ ಜಲ್ಲೆಯಂತೆ ದಪ್ಪವಾಗಿ, ಒಂದು ಕಡೆ ಸೀಳಿಹೋಗಿತ್ತು. “ಅಕ್ಕಾ, ಬೋರ್ ನೀರಿಗೆ ಇದು ಇದ್ದದ್ದೇ. ವರ್ಷಕ್ಕೊಂದು ಹಾಕಿಸುತ್ತಾ ಇರಿ” ಎಂದರು ಅವರು. ಆ ಮಾತನ್ನು ಒಪ್ಪಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಬಳ್ಳಾರಿಯ ಬಹಳಷ್ಟು ಮನೆಗಳಂತೆ ನಮ್ಮ ಮನೆಗೂ ಎರಡು ನೀರು. ತುಂಗಭದ್ರಾ ಕಾಲುವೆಯಿಂದ ಕೆರೆಗೆ ಬಂದು, ಶುದ್ಧವಾಗಿ ನಳದಲ್ಲಿ ಬರುವ ನೀರು ಒಂದು. ಅದು ನಮ್ಮ ಬೀದಿಗೆ ವಾರಕ್ಕೊಮ್ಮೆ, ಕೆಲವೊಮ್ಮೆ ಇನ್ನೂ ತಡವಾಗಿ ಬರುತ್ತದೆ. ಉಳಿದ ದಿನಗಳಿಗೆಲ್ಲ ಬೋರ್. ಊರಿನ ನಡುವೆಯೇ ಕಲ್ಲುಗುಡ್ಡಗಳು ಎದ್ದು ನಿಂತಿರುವ ನೆಲ ಇದು. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ನೀರಿನ ಗಡಸುತನ ಎನ್ನುವುದು ಇದನ್ನೇ.

ಮೊದಲು ಅಳತೆ ಮಾಡಿದೆ. ಕರಗಿದ ಲವಣಗಳನ್ನೆಲ್ಲ ಒಟ್ಟಿಗೆ ಅಳೆಯುವ, ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಗಡಸುತನವನ್ನು ಹೇಳುವುದಿಲ್ಲ. ಅಡುಗೆ ಉಪ್ಪು ಕರಗಿದ್ದರೂ ಅದು ಸಂಖ್ಯೆಯನ್ನು ಏರಿಸುತ್ತದೆ. ಬೇಕಾದದ್ದು ಹನಿ ಲೆಕ್ಕದ ಕಿಟ್. ನೀರಿಗೆ ಬಣ್ಣದ ಪುಡಿ ಹಾಕಿದರೆ ಕೆಂಪಾಗುತ್ತದೆ, ಆಮೇಲೆ ದ್ರಾವಣವನ್ನು ಒಂದೊಂದೇ ಹನಿ ಬಿಡುತ್ತಾ ಹೋದರೆ ಒಂದು ಹಂತದಲ್ಲಿ ಕೆಂಪು ಹೋಗಿ ನೀಲಿ ಬರುತ್ತದೆ. ನನ್ನ ಕಿಟ್ಟಿನಲ್ಲಿ ಒಂದು ಹನಿಗೆ ಲೀಟರಿಗೆ 25 ಮಿಲಿಗ್ರಾಂ. ಕಾಲುವೆ ನೀರಿಗೆ 5 ಹನಿ ಸಾಕಾಯಿತು. ಬೋರ್ ನೀರಿಗೆ ಎಣಿಸುತ್ತಲೇ ಹೋದೆ, 26ನೇ ಹನಿಗೆ ನೀಲಿಯಾಯಿತು. ಅಂದರೆ 650. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ 200, ಬೇರೆ ನೀರೇ ಇಲ್ಲದ ಕಡೆ 600.

ಅದೇ ಬೋರ್ ನೀರನ್ನು ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಮತ್ತೆ ಅಳೆದೆ. 15 ಹನಿ! ಉಳಿದ 11 ಹನಿಯಷ್ಟು ಗಡಸುತನ ಪಾತ್ರೆಯ ತಳದಲ್ಲಿ ಬಿಳಿಯಾಗಿ ಕೂತಿತ್ತು. ನನಗೆ ದಾರಿ ತೋರಿಸಿದ್ದು ಇದೇ ಪಾತ್ರೆ. ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟು ಬಿಸಿಯಾದಾಗ ಕಾರ್ಬೊನೇಟಾಗಿ ಹೊರಬೀಳುತ್ತದೆ. ಎಲ್ಲಕ್ಕಿಂತ ಬಿಸಿಯಾದ ಜಾಗ ಎಲಿಮೆಂಟಿನ ಮೈ, ಆದ್ದರಿಂದ ಪೊರೆ ಕಟ್ಟುವುದೂ ಅಲ್ಲೇ. ಪೊರೆ ದಪ್ಪವಾದಷ್ಟೂ ಒಳಗಿನ ಕಾವು ನೀರಿಗೆ ದಾಟಲಾರದೆ ಎಲಿಮೆಂಟ್ ತನ್ನನ್ನೇ ಸುಟ್ಟುಕೊಳ್ಳುತ್ತದೆ. ಗೀಸರ್ ಗೊರಗೊರ ಎನ್ನತೊಡಗಿದರೆ ಆ ಕೆಲಸ ಶುರುವಾಗಿದೆ ಎಂದೇ ಅರ್ಥ.

ಹಾಗಾದರೆ ಇಡೀ ಮನೆಯ ನೀರನ್ನು ಮೆದು ಮಾಡಬೇಕಿಲ್ಲ, ಬಿಸಿ ಮಾಡುವ ನೀರು ಮೆದುವಾಗಿದ್ದರೆ ಸಾಕು. ಅಂಗಡಿಯಲ್ಲಿ ತೋರಿಸಿದ ಸಾಫ್ಟ್‌ನರ್ ಯಂತ್ರ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಅದರ ರಾಳದ ಮಣಿಗಳು ಕ್ಯಾಲ್ಸಿಯಮ್ಮನ್ನು ಹಿಡಿದು ಸೋಡಿಯಮ್ಮನ್ನು ಬಿಡುತ್ತವೆ. ಆದರೆ ಆ ಮಣಿಗಳನ್ನು ಮತ್ತೆ ಮತ್ತೆ ಉಪ್ಪುನೀರಿನಿಂದ ತೊಳೆಯಬೇಕು, ತೊಳೆದ ನೀರನ್ನು ಗಿಡಕ್ಕೂ ಹಾಕುವಂತಿಲ್ಲ. ನೀರಿಗೇ ಬರ ಇರುವ ಊರಿನಲ್ಲಿ ಅದು ನನಗೆ ಸರಿ ಕಾಣಲಿಲ್ಲ. ಪೈಪಿಗೆ ಸುತ್ತುವ ಅಯಸ್ಕಾಂತದ ಪಟ್ಟಿಯನ್ನೂ ಎರಡು ತಿಂಗಳು ಕಟ್ಟಿ ನೋಡಿದೆ. ಹನಿ 26ರಿಂದ ಕದಲಲಿಲ್ಲ, ಹೊಸ ಎಲಿಮೆಂಟಿನ ಮೇಲೆ ಪೊರೆ ಕಟ್ಟುವುದೂ ನಿಲ್ಲಲಿಲ್ಲ. ಆ ದುಡ್ಡು ಹೋಯಿತು.

ಲೆಕ್ಕ ಹಾಕಿದೆ. ಮನೆಯಲ್ಲಿ ನಾವು ನಾಲ್ವರು. ಸ್ನಾನಕ್ಕೆ ಗೀಸರಿನಿಂದ ಬರುವ ಬಿಸಿ ನೀರು ಒಬ್ಬರಿಗೆ 15 ಲೀಟರ್, ದಿನಕ್ಕೆ 60. ಎಂಟು ದಿನಕ್ಕೆ 480. ತಾರಸಿಯ ಮೇಲೆ 500 ಲೀಟರಿನ ಸಣ್ಣ ಟ್ಯಾಂಕ್ ಇಡಿಸಿ, ನಳದ ನೀರು ಬಂದ ದಿನ ಮೊದಲು ಅದನ್ನೇ ತುಂಬಿಸುವಂತೆ ಮಾಡಿ, ಅಲ್ಲಿಂದ ಗೀಸರಿಗೆ ಮಾತ್ರ ಬೇರೆ ಪೈಪು ಎಳೆಸಿದೆ. ಬೆರೆಸಿಕೊಳ್ಳುವ ತಣ್ಣೀರು, ಶೌಚಾಲಯ, ನೆಲ ಒರೆಸುವುದು ಎಲ್ಲವೂ ಬೋರಿನದೇ. ಥರ್ಮೋಸ್ಟಾಟನ್ನು 75 ಡಿಗ್ರಿಯಿಂದ 55ಕ್ಕೆ ಇಳಿಸಿದೆ.

ಒಂದು ತಿಂಗಳ ನಂತರ ಗೀಸರಿನ ನೀರನ್ನು ಅಳೆದಾಗ 14 ಹನಿ ಬಂತು. ಐದು ಬರಬೇಕಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು. ಬಚ್ಚಲಿನ ಮಿಕ್ಸರಿನಲ್ಲಿ ಬಿಸಿ, ತಣ್ಣನೆಯ ಎರಡೂ ತಿರುಪುಗಳನ್ನು ತೆರೆದಿಟ್ಟು ಕೈಶವರಿನ ಗುಂಡಿಯನ್ನು ಮಾತ್ರ ಒತ್ತಿ ನಿಲ್ಲಿಸುವುದು ಮಕ್ಕಳ ರೂಢಿ. ಬೋರ್ ಟ್ಯಾಂಕ್ ಎತ್ತರದಲ್ಲಿದೆ, ಒತ್ತಡ ಹೆಚ್ಚು. ಹೊರಗೆ ಹೋಗಲು ದಾರಿಯಿಲ್ಲದ ಬೋರ್ ನೀರು ಮಿಕ್ಸರಿನೊಳಗಿಂದಲೇ ಹಿಂದಕ್ಕೆ ಗೀಸರಿಗೆ ನುಗ್ಗುತ್ತಿತ್ತು. ಗೀಸರಿನಿಂದ ಹೊರಡುವ ಬಿಸಿ ನೀರಿನ ಪೈಪಿಗೆ, ನೀರನ್ನು ಒಂದೇ ದಿಕ್ಕಿಗೆ ಬಿಡುವ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿದೆ, ಅಷ್ಟೇ. ಎರಡು ಟ್ಯಾಂಕಿನ ನೀರನ್ನು ಒಂದೇ ಮಿಕ್ಸರಿಗೆ ತರುವವರು ಇದನ್ನು ಮರೆಯಬೇಡಿ, ಪ್ಲಂಬರುಗಳಿಗೂ ಬಹಳ ಸಲ ಹೊಳೆಯುವುದಿಲ್ಲ.

ಅಡುಗೆಮನೆಯಲ್ಲಿ ಬದಲಾವಣೆ ಮೊದಲು ಗಮನಿಸಿದವರು ನಮ್ಮ ಅತ್ತೆ. ಬೋರ್ ನೀರಿನಲ್ಲಿ ತೊಗರಿಬೇಳೆ ಆರು ಸೀಟಿ ಕೂಗಿಸಿದರೂ ನುಣ್ಣಗಾಗುತ್ತಿರಲಿಲ್ಲ, ಕ್ಯಾಲ್ಸಿಯಂ ಬೇಳೆಯ ಮೈಯನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಅವರು ಚಿಟಿಕೆ ಸೋಡಾ ಹಾಕಿ ಸಂಭಾಳಿಸುತ್ತಿದ್ದರು. ಈಗ ಕುಕ್ಕರಿಗೆ ಕಾಲುವೆ ನೀರು, ಮೂರು ಸೀಟಿ. “ಈಗ ಸಾರಿಗೆ ಬೇಳೆಯ ರುಚಿ ಬಂತು ನೋಡಮ್ಮ” ಎಂದರು.

ಪೊರೆ ತೆಗೆಯಲು ನಾನು ಬಳಸುವುದು ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್. ಒಂದು ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ. ಮೇನ್ ಸ್ವಿಚ್ ಆರಿಸಿ, ನೀರು ಖಾಲಿ ಮಾಡಿ, ವೈರುಗಳ ಫೋಟೊ ತೆಗೆದುಕೊಂಡು ಎಲಿಮೆಂಟ್ ಬಿಚ್ಚಿ ಅದರಲ್ಲಿ ಮುಳುಗಿಸಿಟ್ಟರೆ ಸೋಡಾ ನೀರಿನಂತೆ ಗುಳ್ಳೆಗಳು ಏಳುತ್ತವೆ. ಗುಳ್ಳೆ ನಿಂತರೆ ದ್ರಾವಣ ಬದಲಿಸಬೇಕು. ಬಚ್ಚಲು ತೊಳೆಯುವ ಆ್ಯಸಿಡ್ ಬೇಗ ಕೆಲಸ ಮಾಡುತ್ತದೆ, ಆದರೆ ಲೋಹವನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಸೇರಿದರಂತೂ ವಿಷಗಾಳಿ ಏಳುತ್ತದೆ, ದಯವಿಟ್ಟು ಬೇಡ. ಒಳಗಿರುವ ಮೆಗ್ನೀಸಿಯಂ ಸರಳನ್ನೂ ನೋಡಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವುದು ಅದರ ಕೆಲಸ. ನಮ್ಮದು ಪೆನ್ಸಿಲ್ ಕಡ್ಡಿಯಷ್ಟು ಉಳಿದಿತ್ತು, ಬದಲಿಸಿದೆ. ಜೋಡಿಸಿದ ಮೇಲೆ ಬಿಸಿ ನೀರಿನ ನಳದಲ್ಲಿ ನೀರು ಸರಾಗವಾಗಿ ಬರುವ ತನಕ ಸ್ವಿಚ್ ಮುಟ್ಟಬೇಡಿ.

ನೆರೆಯವರು ಕೇಳುವ ಮೊದಲ ಪ್ರಶ್ನೆ ಕಿಡ್ನಿ ಕಲ್ಲಿನದು. ಗಡಸುತನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಕಾರಣದಿಂದ ಮಿತಿ ಹಾಕಿಲ್ಲ. ನಮ್ಮ ಭಾಗದ ಬೋರ್ ನೀರಿನಲ್ಲಿ ನಾನು ಹೆದರುವುದು ಫ್ಲೋರೈಡಿಗೆ. ಅದು ಕುದಿಸಿದರೂ ಹೋಗುವುದಿಲ್ಲ, ಸಾಫ್ಟ್‌ನರಿಗೂ ಸಿಗುವುದಿಲ್ಲ, ಈ ಹನಿ ಕಿಟ್ಟಿನಲ್ಲಿ ಕಾಣುವುದೂ ಇಲ್ಲ. ಬೋರ್ ನೀರು ಕುಡಿಯುವವರು ಅದನ್ನು ಪ್ರಯೋಗಾಲಯದಲ್ಲಿ ಬೇರೆಯಾಗಿಯೇ ಪರೀಕ್ಷೆ ಮಾಡಿಸಬೇಕು.

ಹದಿನಾಲ್ಕು ತಿಂಗಳಾದ ಮೇಲೆ ಮೊನ್ನೆ ಗೀಸರ್ ಬಿಚ್ಚಿದೆ. ತಳದಲ್ಲಿ ಒಂದು ಹಿಡಿ ಪುಡಿ, ಎಲಿಮೆಂಟಿನ ಮೇಲೆ ಬೆರಳಲ್ಲಿ ಒರೆಸಿದರೆ ಬರುವಷ್ಟು ಬಿಳುಪು. ಇನ್ನು ಉಳಿದಿರುವುದು ಮಳೆನೀರು. ನಮ್ಮ ಸಾವಿರ ಚದರ ಅಡಿ ತಾರಸಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ಆಗುತ್ತದೆ. ಮುಂಗಾರಿಗೆ ಮೊದಲು ಆ ಪೈಪನ್ನೂ ಸಣ್ಣ ಟ್ಯಾಂಕಿನ ಕಡೆಗೆ ತಿರುಗಿಸಬೇಕೆಂದಿದ್ದೇನೆ.