ಕೆರೆಯ ದಂಡೆಯಲ್ಲಿ ಗಣಿತದ ಅವಧಿ

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಶಾಲೆಯ ಸ್ಕೌಟ್ ದಳದ ಹೊಣೆ ನನ್ನದು, ಗೈಡ್ ದಳದ್ದು ನಮ್ಮ ವಿಜ್ಞಾನ ಶಿಕ್ಷಕಿಯದು. ಪ್ರವೇಶದಿಂದ ತೊಡಗಿ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ದಾಟಿ ರಾಜ್ಯ ಪುರಸ್ಕಾರಕ್ಕೆ ಏರುವ ಸ್ಕೌಟ್-ಗೈಡ್ ತರಬೇತಿಯ ಈ ಮೆಟ್ಟಿಲುಗಳನ್ನು ಪಾಠದ ಹೊರಗಿನ ಕೆಲಸವೆಂದೇ ನಾನು ಮೊದಲು ಭಾವಿಸಿದ್ದೆ. ಆದ್ದರಿಂದ ಶಾಲೆ ಬಿಟ್ಟ ಮೇಲೆ ತರಬೇತಿ ಇಟ್ಟುಕೊಂಡೆ. ಅಕ್ಕಪಕ್ಕದ ಹಳ್ಳಿಗಳ ಹೆಣ್ಣುಮಕ್ಕಳಿಗೆ ಸಂಜೆಯ ಬಸ್ಸು ತಪ್ಪುತ್ತಿತ್ತು, ಗಂಡುಮಕ್ಕಳಿಗೆ ದನ ಕಟ್ಟುವ ಹೊತ್ತು. ಎರಡು ತಿಂಗಳಲ್ಲಿ ಆರು ಜನ ಉಳಿದರು. ಅವರ ದಿನಚರಿ ಪುಸ್ತಕಗಳನ್ನು ಪರೀಕ್ಷಾ ಶಿಬಿರಕ್ಕೆ ಮೊದಲು ನಾನೇ ಹೇಳಿ ಬರೆಸಿದೆ. ಆರೂ ಪುಸ್ತಕಗಳಲ್ಲಿ ಒಂದೇ ವಾಕ್ಯ ಇರುವುದನ್ನು ಪರೀಕ್ಷಕರು ತೋರಿಸಿದಾಗ ನನಗೆ ಉತ್ತರವಿರಲಿಲ್ಲ. ಮಕ್ಕಳಿಗೆ ಮಾಡಿದ ಆ ಅನ್ಯಾಯ ನನ್ನನ್ನು ಬಹಳ ದಿನ ಕಾಡಿತು.

ಮರುವರ್ಷ ನಾವಿಬ್ಬರೂ ಪಠ್ಯಪುಸ್ತಕವನ್ನೂ ಸೋಪಾನಗಳ ಪಠ್ಯವನ್ನೂ ಎದುರುಬದುರು ಇಟ್ಟುಕೊಂಡು ಕುಳಿತೆವು. ಎತ್ತರ ಮತ್ತು ದೂರದ ಅಂದಾಜು ಸಮರೂಪ ತ್ರಿಭುಜಗಳ ಪಾಠದಲ್ಲಿಯೇ ಇತ್ತು. ದಿಕ್ಸೂಚಿ ಮತ್ತು ನಕ್ಷೆ ಸಮಾಜ ವಿಜ್ಞಾನದಲ್ಲಿದ್ದವು. ತಿಂಗಳಿಗೊಮ್ಮೆ ಬರುವ ಬ್ಯಾಗ್‌ರಹಿತ ಶನಿವಾರವೂ ಕೈಯಲ್ಲಿತ್ತು. ಮಕ್ಕಳಿಗೆ ಹೊಸ ಹೊರೆಯಾಗಬಾರದೆಂದು, ಈ ಕೆಲಸವನ್ನೇ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಎಣಿಸಲು ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದೆವು. ಪಾಲಕರ ಸಭೆಯಲ್ಲಿ ಕೇಳಿಬಂದ ಪ್ರಶ್ನೆ ಒಂದೇ: ಎಸ್‌ಎಸ್‌ಎಲ್‌ಸಿಗೆ ಇದರಿಂದ ಏನು ಉಪಯೋಗ? ಪಾಠ ಒಂದೂ ಬಿಟ್ಟುಹೋಗುವುದಿಲ್ಲ ಎಂಬ ಮಾತು ಕೊಟ್ಟೆ.

ನಮ್ಮ ತಾಲ್ಲೂಕಿನ ಮಾಗಡಿ ಕೆರೆ ಸುಮಾರು 54 ಹೆಕ್ಟೇರ್ ವಿಸ್ತಾರದ ಸಂರಕ್ಷಿತ ತಾಣ. 2024ರಲ್ಲಿ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಹಿಮಾಲಯದಾಚೆಯಿಂದ ಚಳಿಗಾಲಕ್ಕೆ ಬರುವ ಪಟ್ಟೆತಲೆಯ ಹೆಬ್ಬಾತುಗಳು ಹಗಲು ಇಲ್ಲಿ ತಂಗಿ, ಸಂಜೆ ಮತ್ತು ನಸುಕಿನಲ್ಲಿ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಸಂಖ್ಯಾಶಾಸ್ತ್ರದ ಅಧ್ಯಾಯವನ್ನು ಡಿಸೆಂಬರಿಗೆ ಎತ್ತಿಟ್ಟುಕೊಂಡು, ಅದೇ ತಿಂಗಳ ಶನಿವಾರ ಮಕ್ಕಳನ್ನು ಕೆರೆಯ ದಂಡೆಗೆ ನಡೆಸಿಕೊಂಡು ಹೋದೆವು. ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅವು ಹಿಡಿಸುವ ಜಾಗವನ್ನು ಕಣ್ಣಲ್ಲಿಟ್ಟುಕೊಂಡು, ಆ ಅಳತೆಯನ್ನೇ ಹಿಂಡಿನ ಮೇಲೆ ಹಾಸುತ್ತಾ ಹೋಗುವುದು ಎಣಿಕೆಯ ಕ್ರಮ. ಗಣಿತದಲ್ಲಿ ಸದಾ ಹಿಂದೆ ಕೂರುತ್ತಿದ್ದ, ಕುರಿ ಕಾಯುವ ಮನೆತನದ ಹುಡುಗನೊಬ್ಬ ಎಲ್ಲರಿಗಿಂತ ಬೇಗ ಎಣಿಸಿ ಮುಗಿಸಿದ. ಹೇಗೆಂದು ಕೇಳಿದರೆ, “ಕುರಿ ಹಟ್ಟಿಗೆ ಹೊಕ್ಕಾಗ ಹಿಂಗ ಎಣಸ್ತೀವ್ರಿ ಸರ್” ಎಂದ. ಅಂದಿನಿಂದ ಆ ತಂಡದ ನಾಯಕ ಅವನೇ.

ಐದು ತಂಡಗಳ ಲೆಕ್ಕ 410, 430, 455, 470 ಮತ್ತು 1,120 ಬಂತು. ಐದನೆಯ ತಂಡ ಬೇರೆ ಜಾತಿಯ ಬಾತುಗಳನ್ನೂ ಸೇರಿಸಿತ್ತು, ಎದ್ದು ಮತ್ತೆ ಕುಳಿತ ಗುಂಪನ್ನು ಎರಡು ಸಲ ಎಣಿಸಿತ್ತು. ಸರಾಸರಿ 577 ಆಯಿತು, ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿ ನಡುವೆ ಬರುವ ಸಂಖ್ಯೆ, 455. ಯಾವ ತಂಡವೂ ಕಾಣದ 577 ಎಲ್ಲಿಂದ ಬಂತೆಂದು ಮಕ್ಕಳೇ ವಾದಕ್ಕಿಳಿದರು. ಮಧ್ಯಾಂಕ ಏಕೆ ಬೇಕೆಂಬುದನ್ನು ಹಲವು ವರ್ಷ ಕಪ್ಪು ಹಲಗೆಯ ಮೇಲೆ ವಿವರಿಸಿದ್ದೇನೆ. ಆ ದಿನ ವಿವರಿಸುವ ಅಗತ್ಯವೇ ಬರಲಿಲ್ಲ.

ದಿನಚರಿಗೆ ಈಗ ನಮ್ಮಲ್ಲಿ ಒಂದೇ ನಿಯಮ: ಅಂದು ಕಂಡದ್ದನ್ನು ಅಂದೇ, ತಮ್ಮ ಮಾತಿನಲ್ಲಿ ಬರೆಯಬೇಕು, ನಾನು ತಿದ್ದುವುದಿಲ್ಲ. ಕಾಗುಣಿತ ತಪ್ಪುತ್ತದೆ, ಆದರೆ ಎರಡು ಪುಸ್ತಕ ಒಂದೇ ರೀತಿ ಇರುವುದಿಲ್ಲ. ಹೆಬ್ಬಾತುಗಳು ತಮ್ಮ ಕಡಲೆ ಹೊಲಕ್ಕೆ ಇಳಿಯುತ್ತವೆಂದು ಬರೆದಿದ್ದ ಹುಡುಗಿಯೊಬ್ಬಳು, ಒಂದು ಮೀಟರ್ ಚೌಕದ ಕಟ್ಟಿಗೆಯ ಚೌಕಟ್ಟನ್ನು ಹತ್ತು ಕಡೆ ಇಟ್ಟು, ತಿಂದ ಗಿಡಗಳನ್ನೂ ಉಳಿದವನ್ನೂ ಎಣಿಸಿ ಕೋಷ್ಟಕ ಮಾಡಿದಳು. ಹೊಲದ ನಡುವಿಗಿಂತ ಕೆರೆಯ ಕಡೆಯ ಅಂಚಿನಲ್ಲಿ ಹಾನಿ ಹೆಚ್ಚಿತ್ತು. ಅವಳು ಅದನ್ನು ಮೊದಲು ತೋರಿಸಿದ್ದು ತಂದೆಗೆ, ಆಮೇಲೆ ನನಗೆ. ಈ ಚಳಿಗಾಲ ಅವಳ ತಂದೆ ತಾವೇ ಕೆರೆಯ ದಂಡೆಗೆ ಬಂದು, ಹಿಂಡು ಯಾವ ಹೊತ್ತಿಗೆ ಯಾವ ದಿಕ್ಕಿಗೆ ಏಳುತ್ತದೆಂದು ಹೊಸ ತಂಡಕ್ಕೆ ಹೇಳಿಕೊಟ್ಟರು. ಮಕ್ಕಳು ದಿಕ್ಸೂಚಿ ಹಿಡಿದು ಬರೆದುಕೊಂಡರು.