ಹ್ಯಾಚ್‌ಬ್ಯಾಕ್ ಕಾರಿಗೆ ಸೈಕಲ್ ರ‍್ಯಾಕ್: ಜಾರುವುದು ನಿಂತದ್ದು ಹೀಗೆ

ಚಿಕ್ಕಬಳ್ಳಾಪುರದಿಂದ ನಂದಿಬೆಟ್ಟದ ಬುಡಕ್ಕೆ ಎರಡು ಸೈಕಲ್ ಒಯ್ಯುವಾಗ, ಡಿಕ್ಕಿಗೆ ಬೆಲ್ಟ್ ಹಾಕಿ ಕಟ್ಟುವ ರ‍್ಯಾಕ್ ಪ್ರತಿ ಹಂಪ್‌ಗೂ ಒಂದಿಷ್ಟು ಕೆಳಗೆ ಜಾರುತ್ತಿತ್ತು. ನಂಬರ್ ಪ್ಲೇಟ್, ಹಿಂದಿನ ದೀಪ ಎರಡೂ ಮರೆಯಾಗುತ್ತಿದ್ದವು.

ಬೆಲ್ಟ್ ಇನ್ನಷ್ಟು ಬಿಗಿದರೆ ಡಿಕ್ಕಿಯ ಅಂಚು ತಗ್ಗಾಯಿತು. ಅಡಿಗೆ ಹಳೇ ಟ್ಯೂಬಿನ ತುಂಡು ಇಟ್ಟರೂ, ನೈಲಾನ್ ಹಗ್ಗ ಸುತ್ತಿದರೂ ಜಾರುವುದು ನಿಲ್ಲಲಿಲ್ಲ. ಕಾರಣ ಮೇಲಿನ ಸ್ಪಾಯ್ಲರ್, ಅಂದರೆ ಡಿಕ್ಕಿಯ ಮೇಲ್ತುದಿಯಲ್ಲಿ ಚಾಚಿಕೊಂಡಿರುವ ರೆಕ್ಕೆಯಂಥ ಪಟ್ಟಿ. ಅದು ಪ್ಲಾಸ್ಟಿಕ್ಕಿನದು, ಕೊಕ್ಕೆಗೆ ಲೋಹದ ಅಂಚೇ ಸಿಗುವುದಿಲ್ಲ. ಇಂಥ ಕಾರಿಗೆ ಡಿಕ್ಕಿ ರ‍್ಯಾಕ್ ಬೇಡವೇ ಬೇಡ.

ಸರಿಹೋಗಿದ್ದು ಟಾಪ್ ರ‍್ಯಾಕಿನಿಂದ. ಕೊಳ್ಳುವ ಮೊದಲು ಟಾಪ್ ಎಷ್ಟು ತೂಕ ಹೊರುತ್ತದೆಂದು ಕಾರಿನ ಕೈಪಿಡಿಯಲ್ಲಿ ನೋಡಿ. ನನ್ನದರಲ್ಲಿ 50 ಕೆ.ಜಿ. ಟಾಪ್ ಮೇಲೆ ಕೂರುವ ಅಡ್ಡಪಟ್ಟಿಗಳು 5, ಅವುಗಳ ಮೇಲೆ ಸೈಕಲ್ ಹಿಡಿದಿಡುವ ಎರಡು ಕ್ಯಾರಿಯರ್ 8, ಸೈಕಲ್‌ಗಳು 28, ಒಟ್ಟು 41. ರ‍್ಯಾಕಿನ ತೂಕವನ್ನು ಬಹಳ ಜನ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಜೋಡಿಸುವ ಕ್ರಮ ತಪ್ಪಬಾರದು. ಅಡ್ಡಪಟ್ಟಿಗಳ ನಡುವೆ 70 ಸೆಂ.ಮೀ. ಅಂತರ ಕೊಟ್ಟೆ. ನಾಲ್ಕೂ ಬೋಲ್ಟ್ ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಒಂದೇ ಕಡೆ ಪೂರ್ತಿ ಬಿಗಿದರೆ ಪಟ್ಟಿ ಸೊಟ್ಟಗೆ ಕೂರುತ್ತದೆ. ಒಂದು ಸೈಕಲ್ಲಿನ ಹ್ಯಾಂಡಲ್ ಮುಂದಕ್ಕೆ, ಇನ್ನೊಂದರದು ಹಿಂದಕ್ಕೆ. ಮೊದಲು ಸೈಕಲ್ಲಿನ ಫ್ರೇಮನ್ನು ಕಚ್ಚುವ ಕ್ಯಾರಿಯರಿನ ಹಿಡಿಯನ್ನು ಬಿಗಿಯಿರಿ, ನಂತರ ಮುಂದಿನ ಚಕ್ರದ ಪಟ್ಟಿ, ಕೊನೆಗೆ ಹಿಂದಿನದು. ಕಾರ್ಬನ್ ಫ್ರೇಮಿಗೆ ಈ ಹಿಡಿ ಹಾಕಲೇಬೇಡಿ, ಬಿರುಕು ಬಿಡಬಹುದು. ಅಂಥ ಸೈಕಲ್ಲಿಗೆ ಚಕ್ರ ಹಿಡಿಯುವ ಕ್ಯಾರಿಯರ್ ಕೊಳ್ಳಿ.

ಹತ್ತು ಕಿ.ಮೀ. ಓಡಿಸಿದ ಮೇಲೆ ನಿಲ್ಲಿಸಿ ಎಲ್ಲ ಬೋಲ್ಟ್ ಮತ್ತೆ ಬಿಗಿದೆ. ಆಮೇಲೆ ಅಲುಗಿಲ್ಲ. ಸೈಕಲ್ ಸೇರಿ ಕಾರಿನ ಎತ್ತರ 2.6 ಮೀಟರ್ ಆಗುತ್ತದೆ, ರೈಲ್ವೆ ಅಂಡರ್‌ಪಾಸಿನ ಎತ್ತರದ ಬೋರ್ಡ್ ನೋಡಿಯೇ ನುಗ್ಗಿ.