ಚಾಟ್‌ನಿಂದ ಐಸಿಟಿಸಿವರೆಗೆ: ಆ್ಯಪ್‌ಗಳಲ್ಲಿ ಎಚ್‌ಐವಿ ಔಟ್‌ರೀಚ್ ಮಾಡುವ ಬಗೆ

ಪಾರ್ಕು, ಬಸ್‌ಸ್ಟ್ಯಾಂಡಿನಂಥ ಹಾಟ್‌ಸ್ಪಾಟ್‌ಗಳಲ್ಲಿ (ಸಂಗಾತಿ ಹುಡುಕುವವರು ಸೇರುವ ಜಾಗಗಳಲ್ಲಿ) ಎಂದೂ ಕಾಣಿಸಿಕೊಳ್ಳದ ಅನೇಕರು ಗ್ರೈಂಡರ್ (ಸಲಿಂಗಿಗಳ ಡೇಟಿಂಗ್ ಆ್ಯಪ್), ಟೆಲಿಗ್ರಾಂ, ಇನ್‌ಸ್ಟಾಗ್ರಾಂಗಳಲ್ಲಿ ಸಂಗಾತಿಗಳನ್ನು ಹುಡುಕುತ್ತಾರೆ. ಪೀರ್ ಎಜುಕೇಟರ್‌ಗಳು (ಅದೇ ಸಮುದಾಯದಿಂದ ಬಂದ ಆರೋಗ್ಯ ಕಾರ್ಯಕರ್ತರು) ಅವರನ್ನು ಅಲ್ಲಿಯೇ ಮಾತಾಡಿಸಬೇಕು. ಎಷ್ಟು ಜನಕ್ಕೆ ಮೆಸೇಜ್ ಹೋಯಿತು ಎನ್ನುವುದು ಸಾಧನೆಯಲ್ಲ. ಎಷ್ಟು ಜನ ಐಸಿಟಿಸಿಗೆ (ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಹೋಗಿ ಪರೀಕ್ಷೆ ಮಾಡಿಸಿಕೊಂಡು ಫಲಿತಾಂಶ ಪಡೆದರು ಎನ್ನುವುದೇ ಮುಖ್ಯ.

ಕೆಲಸಕ್ಕೆ ಪ್ರತ್ಯೇಕ ಫೋನ್, ಪ್ರತ್ಯೇಕ ಸಿಮ್ ಇರಲಿ. ಪ್ರೊಫೈಲ್‌ನಲ್ಲಿ ಆರೋಗ್ಯ ಕಾರ್ಯಕರ್ತ ಎಂದು ನೇರವಾಗಿ ಬರೆಯಿರಿ. ಸಂಗಾತಿ ಹುಡುಕುವವರಂತೆ ನಟಿಸಿ ಮಾತು ಶುರುಮಾಡಿದರೆ, ಅದು ಬಯಲಾದ ದಿನವೇ ಸ್ಕ್ರೀನ್‌ಶಾಟ್ ಇಡೀ ವಲಯಕ್ಕೆ ಹರಡುತ್ತದೆ. ಒಂದೇ ಮೆಸೇಜನ್ನು ಸಾಲಾಗಿ ಎಲ್ಲರಿಗೂ ಅಂಟಿಸುತ್ತಾ ಹೋದರೆ ಜನ ರಿಪೋರ್ಟ್ ಮಾಡುತ್ತಾರೆ, ಖಾತೆ ಬ್ಲಾಕ್ ಆಗುತ್ತದೆ.

ಮೊದಲ ಮೆಸೇಜ್ ಹೀಗಿರಬಹುದು: "ನಮಸ್ಕಾರ. ಲೈಂಗಿಕ ಆರೋಗ್ಯದ ಬಗ್ಗೆ ಮಾಹಿತಿ ಕೊಡುವುದು ನನ್ನ ಕೆಲಸ, ಡೇಟಿಂಗ್‌ಗೆ ಬಂದಿಲ್ಲ. ಪರೀಕ್ಷೆ, ಕಾಂಡೋಮ್, ಪ್ರೆಪ್ (ಎಚ್‌ಐವಿ ತಗಲದಂತೆ ಮೊದಲೇ ತೆಗೆದುಕೊಳ್ಳುವ ಔಷಧಿ) ಬಗ್ಗೆ ಕೇಳುವುದಿದ್ದರೆ ಕೇಳಿ. ನಿಮ್ಮ ಹೆಸರು ಬೇಡ." ಉತ್ತರ ಬಾರದಿದ್ದರೆ ಬೆನ್ನುಹತ್ತಬೇಡಿ.

ಯಾರಾದರೂ "ಕಾಂಡೋಮ್ ಹರಿಯಿತು, ಭಯವಾಗುತ್ತಿದೆ" ಎಂದರೆ ಬುದ್ಧಿ ಹೇಳಲು ಹೋಗಬೇಡಿ. ಮೊದಲು ಕೇಳಬೇಕಾದ್ದು, "ಆಗಿ ಎಷ್ಟು ಹೊತ್ತಾಯಿತು?" ಪಿಇಪಿ ಮಾತ್ರೆಯನ್ನು (ಇಂಥ ಘಟನೆಯ ನಂತರ ಎಚ್‌ಐವಿ ತಗಲದಂತೆ ತಡೆಯುವ ಔಷಧಿ) 72 ಗಂಟೆಯೊಳಗೆ, ಸಾಧ್ಯವಾದಷ್ಟು ಬೇಗ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಹಾಗಾಗಿ ಕೂಡಲೇ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರಕ್ಕೋ ಆಸ್ಪತ್ರೆಯ ತುರ್ತು ವಿಭಾಗಕ್ಕೋ ಕಳಿಸಿ. ಔಷಧಿಯ ಹೆಸರು, ಪ್ರಮಾಣ ಹೇಳುವ ಕೆಲಸ ವೈದ್ಯರದು. 72 ಗಂಟೆ ದಾಟಿದ್ದರೆ ಈಗೊಮ್ಮೆ, ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಲು ಹೇಳಿ. ಸೋಂಕು ತಗಲಿದ ಹೊಸತರಲ್ಲಿ, ಅಂದರೆ ವಿಂಡೋ ಅವಧಿಯಲ್ಲಿ, ಸೋಂಕಿದ್ದರೂ ಫಲಿತಾಂಶ ನೆಗೆಟಿವ್ ಬರಬಹುದು.

ವಾಟ್ಸ್‌ಆ್ಯಪ್ ಗ್ರೂಪ್ ಮಾಡಲೇಬೇಡಿ. ಗ್ರೂಪ್‌ನಲ್ಲಿ ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ಅದರಿಂದ ಬ್ಲ್ಯಾಕ್‌ಮೇಲ್‌ಗೂ ದಾರಿಯಾಗುತ್ತದೆ. ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸಿ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜ್ ತಲುಪುತ್ತದೆ, ಆದ್ದರಿಂದ ಯಾವುದಾದರೂ ಸಾಮಾನ್ಯ ಹೆಸರಲ್ಲಿ ಸೇವ್ ಮಾಡಿಕೊಳ್ಳಲು ಹೇಳಿ. ಮನೆಯವರ ಕಣ್ಣಿಗೆ ಬೀಳುವುದು ಲಾಕ್ ಸ್ಕ್ರೀನ್ ಮೇಲಿನ ಮೊದಲ ಸಾಲು. ಅಲ್ಲಿ "ಎಚ್‌ಐವಿ" ಎಂಬ ಪದ ಬರಕೂಡದು, "ನಾಳೆ 10.30ಕ್ಕೆ ಸಿಗೋಣ" ಎಂದರೆ ಸಾಕು.

ಹೆಚ್ಚು ಜನ ಕೈತಪ್ಪುವುದು ಚಾಟ್ ಮತ್ತು ಐಸಿಟಿಸಿ ನಡುವೆ. "ಸರ್ಕಾರಿ ಆಸ್ಪತ್ರೆಗೆ ಹೋಗಿ" ಎಂದಷ್ಟೇ ಹೇಳಿದರೆ ಓಪಿಡಿ ಸಾಲು ನೋಡಿಯೇ ವಾಪಸಾಗುತ್ತಾರೆ. ಯಾವ ಗೇಟು, ಎಷ್ಟನೇ ಕೊಠಡಿ, ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಆಪ್ತಸಮಾಲೋಚಕರಲ್ಲಿ ಯಾರನ್ನು ಕೇಳಬೇಕು ಎಂಬುದನ್ನು ಮೊದಲೇ ವಿಚಾರಿಸಿ ತಿಳಿಸಿ. ಒಪ್ಪಿದರೆ ಜೊತೆಗೇ ಹೋಗಿ. ಪರೀಕ್ಷೆ ಉಚಿತ, ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನೂ ಫಲಿತಾಂಶ ಬಯಲು ಮಾಡುವುದನ್ನೂ 2017ರ ಎಚ್‌ಐವಿ ಕಾಯ್ದೆ ತಡೆಯುತ್ತದೆ. ನಿಮ್ಮೊಡನೆ ಮಾತಾಡಲು ಹಿಂಜರಿಯುವವರಿಗೆ 1097 ಉಚಿತ ಸಹಾಯವಾಣಿ ಕೊಡಿ.

ಪಾಸಿಟಿವ್ ಎಂಬುದನ್ನು ಯಾವ ಕಾರಣಕ್ಕೂ ಚಾಟ್‌ನಲ್ಲಿ ತಿಳಿಸಬೇಡಿ. ಅದು ಆಪ್ತಸಮಾಲೋಚಕರ ಎದುರು ಕೂತು ಕೇಳಬೇಕಾದ ವಿಷಯ. ಅಂದೇ ಎಆರ್‌ಟಿ ಕೇಂದ್ರದ ದಾರಿಯೂ ಸಿಗಬೇಕು.

ದಾಖಲೆಯಲ್ಲಿ ಹೆಸರಿನ ಬದಲು ಕೋಡ್ ಬರೆಯಿರಿ, ಫೋಟೊ ಇಟ್ಟುಕೊಳ್ಳಬೇಡಿ. ಉತ್ತರಿಸಿದವರು, ಕೇಂದ್ರಕ್ಕೆ ಬಂದವರು, ಫಲಿತಾಂಶ ಪಡೆದವರು, ಎಆರ್‌ಟಿ ಶುರುಮಾಡಿದವರು ಎಂದು ಬೇರೆಬೇರೆ ಎಣಿಸಿ. ಉತ್ತರಿಸುವವರು ಬಹಳ, ಬರುವವರು ಕಡಿಮೆ ಎಂದಾದರೆ ಮೆಸೇಜ್ ತಿದ್ದುತ್ತಾ ಕೂರಬೇಡಿ. ಕೇಂದ್ರದ ಸಮಯ, ದೂರ, ಅಲ್ಲಿನವರ ಮಾತಿನ ರೀತಿ ನೋಡಿ.